ಬಾಣಂತಿಯ ಮೋರಿ

ಬಾಣಂತಿಗೆ ಮೋರಿ ತಿನ್ನಿಸದಿದ್ದರೆ ನನ್ನನ್ನು ಹೆತ್ತ ಆಯಿ ಗಂಗೂಗೆ ಸಮಾಧಾನವಿಲ್ಲ. ಈ ಸಣ್ಣ ಶಾರ್ಕ್ ಮೀನನ್ನು ಬೆಳ್ಳುಳ್ಳಿ, ಕಾಳುಮೆಣಸು ಅರೆದು ಬೇಯಿಸಿ ಕೊಟ್ಟರೆ ಎದೆಹಾಲು ಉಕ್ಕುತ್ತದೆ ಎಂಬುದು ನಮ್ಮ ಭಾವಿಕೇರಿಯ ಮನೆಯಲ್ಲಿ ಯಾರೂ ಪ್ರಶ್ನಿಸದ ಮಾತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಬಾಣಂತಿಯಾದ ನನಗೂ ಅಂಕೋಲಾ ಪೇಟೆಯಿಂದ ಹುಡುಕಿ ಹುಡುಕಿ ಅದನ್ನೇ ತರುತ್ತಿದ್ದಳು. ನಾನೂ ಬಟ್ಟಲು ನೆಕ್ಕಿ ಉಣ್ಣುತ್ತಿದ್ದೆ. ಕಾರವಾರದಲ್ಲಿ ಮೀನು ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ಬುದ್ಧಿಯನ್ನು ಮಾತ್ರ ಅಲ್ಲಿನ ಹಬ್ಬುವಾಡದ ಬಾಡಿಗೆ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಆ ಮಧ್ಯಾಹ್ನ ಉಣ್ಣಲು ಕೂತಾಗ ಲ್ಯಾಬಿನ ಗೆಳತಿ ಭಾರತಿ ಫೋನ್ ಮಾಡಿದಳು.

“ನಾಗಶ್ರೀ, ಮೋರಿ ರಿಪೋರ್ಟ್ ಬಂತು. ನೀ ಅದ್ನ ತಿನ್ಬೇಡ ಮಾರಾಯ್ತಿ. ಉಳಿದ ಮೀನಿಗಿಂತ ಅದ್ರಲ್ಲೇ ಹೆಚ್ಚು ಅದೆ.”

ಏನು ಹೆಚ್ಚು ಎಂದು ಕೇಳಬೇಕಾಗಿರಲಿಲ್ಲ. ಎಂದೋ ನಿಷೇಧಿಸಿದ ಕೀಟನಾಶಕ, ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯ ವಿಷ. ಸಮುದ್ರ ಸೇರಿ ವರ್ಷಗಳಾದರೂ ಅಳಿಯುವುದಿಲ್ಲ. ತಾರ್ಲೆಯಂಥ ಪುಟ್ಟ ಮೀನಿನ ಕೊಬ್ಬಿನಲ್ಲಿ ಚೂರು, ತಾರ್ಲೆ ತಿಂದ ಮೀನಿನಲ್ಲಿ ಹೆಚ್ಚು, ಅದನ್ನೂ ನುಂಗುವ ಮೋರಿಯಲ್ಲಿ ಇನ್ನೂ ಹೆಚ್ಚು. ಮೋರಿಯನ್ನು ತಿಂದವಳು ನಾನು.

ಬಟ್ಟಲು ಸರಿಸಿದೆ. ಆಯಿ ಮುಖ ಗಂಟು ಹಾಕಿದಳು.

“ಯಂತಕ್ಕೆ ಉಣ್ಣೂದಿಲ್ಲ? ಖಾರ ಆಯ್ತಾ?”

ಎಲ್ಲ ಹೇಳಿದೆ. ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಅವಳು ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿ ಗುಂಡಿ ತೋಡಿ ಹುಗಿದು ಬಂದಳು. ಬೆಕ್ಕಿಗೂ ಹಾಕಲಿಲ್ಲ.

“ತಿಂದದ್ದು ಎಷ್ಟು ದಿನಕ್ಕೆ ಮೈಯಿಂದ ಹೋಗ್ತದೆ?” ಎಂದಳು.

“ಅಷ್ಟು ಸುಲಭಕ್ಕೆ ಹೋಗೂದಿಲ್ಲ ಆಯೀ. ಚಿಕ್ಕಂದಿನಿಂದ ತಿಂದದ್ದೆಲ್ಲ ಕೊಬ್ಬಲ್ಲಿ ಕೂತದೆ.”

“ಹೊರಗೆ ಹೋಗೂಕೆ ದಾರಿಯೇ ಇಲ್ವನೇ?”

“ಒಂದು ದಾರಿ ಅದೆ. ಎದೆಹಾಲು.”

ಆಯಿ ತೊಟ್ಟಿಲಿನತ್ತ ನೋಡಿದಳು. “ನಿಂಗೂ ಮೋರಿ ತಿಂದೇ ಹಾಲು ಕೊಟ್ನಲ್ಲೇ...” ಎಂದಳು.

ಡಾಕ್ಟರಿಗೆ ಫೋನ್ ಮಾಡಿದೆ. “ಮೋರಿ ಬಿಡಿ, ಹಾಲು ಬಿಡಿಸಬೇಡಿ. ಏನೇ ಆದ್ರೂ ಮಗುವಿಗೆ ತಾಯಿಹಾಲೇ ಒಳ್ಳೇದು” ಎಂದರು. ಅದು ನನಗೂ ಗೊತ್ತಿತ್ತು, ನಿಜವೂ ಹೌದು. ಆದರೂ ಹಾಲು ಕೊಡಬೇಡ ಅನ್ನುವ ಒಬ್ಬರು ಸಿಗಲಿ ಎಂದು ಜೀವ ಹಂಬಲಿಸುತ್ತಿತ್ತು.

ಮಗು ಎದ್ದಿತು. ಮುಷ್ಟಿ ಚೀಪಿತು, ಕೆಂಪಗಾಗಿ ಕಿರುಚಿತು. ಆ ದನಿಗೇ ನನ್ನ ರವಿಕೆ ಒದ್ದೆಯಾಯಿತು.

“ಕೊಡ್ಲಾ ಬೇಡ್ವಾ, ಹೇಳು ಆಯೀ!”

ಆಯಿ ಮಗುವನ್ನು ತೊಟ್ಟಿಲಿನಿಂದ ಎತ್ತಿದಳು, ನನ್ನತ್ತ ಚಾಚಿದಳು, ಮತ್ತೆ ತನ್ನೆದೆಗೇ ಒತ್ತಿಕೊಂಡಳು.

ಅವಳ ಕೈಯಿಂದ ತೆಗೆದುಕೊಂಡು ಎದೆಗೆ ಹಾಕಿಕೊಂಡೆ. ಮಗು ಗಟಗಟ ಕುಡಿಯಿತು. ಕಲ್ಲಾಗಿ ನೋಯುತ್ತಿದ್ದ ಎದೆ ಸಡಿಲವಾಯಿತು, ಮೈ ಹಗುರಾಯಿತು. ನನ್ನಿಂದ ಏನು ಇಳಿದು ಎಲ್ಲಿಗೆ ಹೋಗುತ್ತಿದೆ ಎಂಬುದು ಹೊಳೆದದ್ದೇ ಹೆದರಿ ಚೀರಿಬಿಟ್ಟೆ.

ಬೆಚ್ಚಿಬಿದ್ದ ಮಗು ನನ್ನನ್ನೇ ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು.