ಚೆನ್ನುವಿನ ಬಳ್ಳಿ ಕುದುರೆ

ಆಲಂಕಾರಿನ ಗುಡ್ಡದ ಕೊರಗರ ಕೇರಿಗೆ ಬಾಲವಾಡಿ ಬಂದದ್ದೇ ಚೆನ್ನುವಿನ ಹಟದಿಂದ. ತಾಯಂದಿರು ಬುಟ್ಟಿಯ ಬಳ್ಳಿ ತರಲು ಕಾಡಿಗೆ ಹೋದರೆ ಮಕ್ಕಳನ್ನು ನೋಡುವವರು ಯಾರು? ಏಳನೆಯ ಕ್ಲಾಸು ಓದಿದ ಚೆನ್ನು ನೋಡುತ್ತಾಳೆ ಎಂದು ಕೇರಿಯವರೇ ಸೇರಿ ಮುಳಿಹುಲ್ಲಿನ ಚಪ್ಪರ ಹಾಕಿದರು. ಉಪ್ಪಿಟ್ಟಿಗೆ, ಆಟಿಕೆಗೆ ಸರ್ಕಾರದ ಅನುದಾನವೂ ಬಂತು.

ಅಷ್ಟರಲ್ಲಿ ಮೇಲ್ವಿಚಾರಕ ಗೌರೀಶಂಕರ ಕಲ್ಲು ಹಾಕಿದ. ಒಳ್ಳೆಯವನೇ, ಆದರೆ ಕಾಯಿದೆ ಎಂದರೆ ಕುಲದೇವರು. ಆಟಿಕೆಗೆ ಕೊಟ್ಟ ಹಣಕ್ಕೆ ಅಂಗಡಿಯ ಬಿಲ್ಲು ಬೇಕಂತೆ. ಚೆನ್ನು ಬಳ್ಳಿಯಲ್ಲಿ ನೇಯ್ದ ಕುದುರೆ, ಆನೆ ಲೆಕ್ಕಕ್ಕಿಲ್ಲವಂತೆ. ಸೋಮವಾರ ತಪಾಸಣೆ. ಬಿಲ್ಲಿಲ್ಲದಿದ್ದರೆ ಬಾಲವಾಡಿ ಮುಚ್ಚಿ, ಮಕ್ಕಳೆಲ್ಲ ಪೇಟೆಯ ಬಾಲವಾಡಿಗೆ. ಅಲ್ಲಿ ಚೆನ್ನುವಿನ ಮಗಳು ಸೀತುವನ್ನು ಕೊರಗರ ಮಗುವೆಂದು ವರ್ಷವಿಡೀ ಬಾಗಿಲ ಹೊರಗೆ ಕೂರಿಸಿದ್ದರು.

ಅಂಗಡಿಯದ್ದೇ ಬೇಕಲ್ಲ, ಆಗಲಿ! ಶುಕ್ರವಾರ ಬೆಳಿಗ್ಗೆ ಆಟಿಕೆಗಳನ್ನೆಲ್ಲ ಬುಟ್ಟಿಗೆ ತುಂಬಿ ಅದ್ದು ಬ್ಯಾರಿಯ ಅಂಗಡಿಗೆ ಹೊತ್ತಳು. ಅವನಿಗೆ ಮಾರಿ ಅವನಿಂದಲೇ ಕೊಳ್ಳುವ ಉಪಾಯ. ಅದ್ದು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅರ್ಧ ದಿನವಾದ್ರೂ ಅಂಗಡಿಯಲ್ಲಿ ಕೂರ್ಲಿ ಮಾರಾಯ್ತಿ. ಆಗ ನನ್ನ ಬಿಲ್ಲು ಸುಳ್ಳಾಗುದಿಲ್ಲ" ಎಂದ.

ಮಧ್ಯಾಹ್ನ ಬಂದು ನೋಡಿದರೆ ಅಂಗಡಿಕಟ್ಟೆ ಬೋಳು. ಅದ್ದು ನಮಾಜಿಗೆ ಹೋಗಿದ್ದಾಗ ದೊಡ್ಡಮನೆಯ ಕಮಲಾವತಿಯಮ್ಮ ಬಂದರಂತೆ. ಮೊಮ್ಮಗ ಕುದುರೆಗಾಗಿ ನೆಲದಲ್ಲಿ ಹೊರಳಾಡಿದನಂತೆ. ಅಂಗಡಿಯಲ್ಲಿದ್ದ ಅದ್ದುವಿನ ತಮ್ಮ ಪುಣ್ಯಾತ್ಮ, ಆನೆ ಸಮೇತ ಅಷ್ಟನ್ನೂ ಮಾರಿಬಿಟ್ಟಿದ್ದ.

ಚೆನ್ನು ದಡದಡನೆ ದೊಡ್ಡಮನೆಗೆ ನಡೆದು, ಅಂಗಳದ ಅಂಚಿನಲ್ಲಿ ನಿಂತು ಕೂಗಿದಳು. ಅವಳ ಜನ ಆ ಗೆರೆ ದಾಟಿದ್ದಿಲ್ಲ. ಅವರು ತಂದ ಬುಟ್ಟಿಯೂ ಅಲ್ಲಿ ನೀರು ಚಿಮುಕಿಸಿಕೊಂಡೇ ಒಳಗೆ ಹೋಗಬೇಕು.

ಕಮಲಾವತಿಯಮ್ಮ ಹೊರಬಂದರು. ಕುದುರೆ ಮೊಮ್ಮಗನ ಹಾಸಿಗೆಯಲ್ಲಿದೆ, ತಬ್ಬಿಕೊಂಡು ಮಲಗಿದ್ದಾನೆ ಎಂದರು.

"ಅದು ನಾನು ನೇಯ್ದದ್ದು ಅಮ್ಮ. ನೀರು ಹಾಕ್ಲಿಲ್ವಾ?"

ಅವರ ಮುಖ ಕೆಂಪಾಯಿತು. ಅಂಗಡಿಯ ಮಾಲಿಗೆ ಯಾರು ನೀರು ಹಾಕುತ್ತಾರೆ! ಈಗ ಕುದುರೆ ಎಳೆದುಕೊಂಡರೆ ಮಗು ಮನೆಯ ಹಂಚು ಹಾರಿಸುವುದು ಖಂಡಿತ. ಚೆನ್ನುವಿಗೆ ಒಳಗೊಳಗೇ ನಗು ಬಂತು. ಜೊತೆಗೆ ಕಣ್ಣೂ ತುಂಬಿತು. ಬಾಲವಾಡಿಯ ಕಷ್ಟವನ್ನೆಲ್ಲ ಹೇಳಿದಳು. ಕಮಲಾವತಿಯಮ್ಮ ಉಳಿದ ಆಟಿಕೆಗಳನ್ನೆಲ್ಲ ತಂದು ಅವಳ ಕೈಗೇ ಕೊಟ್ಟರು. ಅದ್ದು ಅವನ್ನು ಮತ್ತೆ ಅಂಗಡಿಯಲ್ಲಿ ಕೂರಿಸಿ, ಚೆನ್ನುವಿಗೆ ಮಾರಿ, ನ್ಯಾಯವಾಗಿ ಬಿಲ್ಲು ಬರೆದ.

ಸೋಮವಾರ ಗೌರೀಶಂಕರ ಆನೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಗಡಿಯ ಮಾಲಿನ ಗಟ್ಟಿತನವೇ ಬೇರೆ ಎಂದು ಮೆಚ್ಚಿ ರುಜು ಹಾಕಿದ. ಚೆನ್ನು ತುಟಿ ಕಚ್ಚಿ ನಿಂತಳು.

ಅಷ್ಟರಲ್ಲಿ ಕುದುರೆ ಹಿಡಿದ ಪೋರನೊಬ್ಬ ಗುಡ್ಡ ಹತ್ತಿ ಓಡಿ ಬಂದು ಸೀತುವಿನ ಪಕ್ಕದಲ್ಲಿ ಕೂತು ಉಪ್ಪಿಟ್ಟಿಗೆ ಕೈಯೊಡ್ಡಿದ. ಹಿಂದೆಯೇ ಏದುಸಿರು ಬಿಡುತ್ತ ಬಂದ ಕಮಲಾವತಿಯಮ್ಮ ಚಪ್ಪರದ ಹೊರಗೆ ನಿಂತುಬಿಟ್ಟರು. ಮುಂದೆ ಬರುವುದೋ ಬೇಡವೋ ಅವರಿಗೆ ತಿಳಿಯಲಿಲ್ಲ.

ಚೆನ್ನು ಚಾಪೆ ಕೊಡವಿ ಹಾಸಿದಳು.

"ಒಳಗೆ ಬನ್ನಿ ಅಮ್ಮ. ಇಲ್ಲಿ ಯಾರನ್ನೂ ಹೊರಗೆ ನಿಲ್ಲಿಸುವ ಕ್ರಮ ಇಲ್ಲ."