ತನಿ ಮನೆ

ನಾಗಪುರದ ಹೊಸ ಹೋಟೆಲಿನವರು ಜಲಜಾಕ್ಷಿಗೆ ಕೊಟ್ಟ ಹುದ್ದೆಯ ಹೆಸರು ‘ಕಿಚನ್ ಕನ್ಸಲ್ಟೆಂಟ್’. ಕೆಲಸವೇನೂ ಅವಳಿಗೆ ಹೊಸದಲ್ಲ. ಚೆನ್ನೈಯ ಟಿ. ನಗರದ ತಮ್ಮ ಹೋಟೆಲಿನ ಅಡುಗೆಮನೆಯಲ್ಲಿ ನಿಂತು ಭಟ್ಟರಿಗೆ ಹೇಳುತ್ತಿದ್ದುದನ್ನೇ ಅಲ್ಲಿಯೂ ಹೇಳಬೇಕು: ಹಿಟ್ಟು ಹುಳಿ ಬಂದಿಲ್ಲ, ಸಾಂಬಾರಿಗೆ ಬೆಲ್ಲ ಸಾಲದು. ಇಲ್ಲಿ ಆ ಹುದ್ದೆಗೆ ಸೊಸೆ ಎಂದು ಹೆಸರಿತ್ತು, ಸಂಬಳವಿರಲಿಲ್ಲ. ಅಲ್ಲಿ ಒಂದು ವರ್ಷದ ಮಟ್ಟಿಗೆ ತಿಂಗಳಿಗೆ ಇಷ್ಟು ಎಂದು ಹಣ. ಮನೆ ಬಾಡಿಗೆ, ಓಡಾಟದ ಖರ್ಚು, ಎಲ್ಲ ಅದರೊಳಗೇ.

ಆ ‘ಅದರೊಳಗೇ’ ಎಂಬ ಮಾತನ್ನು ಗಂಡ ಸದಾನಂದ ಗಟ್ಟಿಯಾಗಿ ಹಿಡಿದುಕೊಂಡ. ಹೋಟೆಲಿನ ಗಲ್ಲಾದಲ್ಲಿ ಆಯುಷ್ಯ ಕಳೆದವನು. ಕ್ರೋಂಪೇಟೆಯ ಮನೆಯಲ್ಲಿ ತಿಂಡಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕ್ಯಾಲ್ಕುಲೇಟರ್ ಮುಂದಿಟ್ಟುಕೊಂಡ.

“ವಾರ ವಾರ ವಿಮಾನದಲ್ಲಿ ಬಂದು ಹೋದ್ರೆ ನಾವೇ ಅವ್ರಿಗೆ ಸಂಬಳ ಕೊಡ್ಬೇಕಾದೀತು. ರೈಲಲ್ಲಿ ಬಂದ್ರೆ ನಿನ್ನ ಭಾನುವಾರ ಇಡೀ ರೈಲಿನ ಬರ್ತಿನ ಮೇಲೆಯೇ ಕಳೆದೀತು.”

“ಹಾಗಾದ್ರೆ ಅಲ್ಲೇ ಒಂದು ರೂಮಿನ ಮನೆ ಹಿಡಿಯುವ ಮಾರಾಯ್ರೆ.”

“ಬಾಡಿಗೆ, ಅಡ್ವಾನ್ಸು, ಪಾತ್ರೆ, ಹಾಸಿಗೆ... ಎಂತಕ್ಕೆ? ಅಲ್ಲಿ ಶಿವರಾಮಣ್ಣನ ಮನೆ ಉಂಟಲ್ಲ! ಖರ್ಚೇ ಇಲ್ಲ.”

ಶಿವರಾಮು ಸದಾನಂದನ ದೊಡ್ಡಪ್ಪನ ಮಗ. ಅವನ ಹೆಂಡತಿ ಕಲಾವತಿಗೆ ಸುದ್ದಿ ಆಗಲೇ ಮುಟ್ಟಿತ್ತು. “ಬಾ ಜಲಜಾ, ನಿನ್ನ ಕೈಯ ಪತ್ರೊಡೆ ತಿನ್ನದೆ ನಾಲಗೆ ಜಡ್ಡುಗಟ್ಟಿದೆ. ಅಡುಗೆಮನೆ ಇಡೀ ನಿನಗೇ!” ಎಂದು ಬೆಳಿಗ್ಗೆಯೇ ಫೋನಿನಲ್ಲಿ ಸಂಭ್ರಮಪಟ್ಟಿದ್ದಳು. ಹಗಲು ಸಂಬಳದ ಅಡುಗೆ, ಸಂಜೆ ಸಂಬಂಧದ ಅಡುಗೆ. ಖರ್ಚಿಲ್ಲದ ಮನೆಯಷ್ಟು ದುಬಾರಿ ಮನೆ ಬೇರಿಲ್ಲ ಎನ್ನಿಸಿತು ಜಲಜಾಕ್ಷಿಗೆ.

ಅವಳ ಮೊಬೈಲಿನಲ್ಲಿ ಒಂದು ಮನೆಯ ಚಿತ್ರವಿತ್ತು. ಒಂದೇ ಕೋಣೆ, ಮೂಲೆಯಲ್ಲಿ ಎರಡು ಉರಿಯ ಗ್ಯಾಸ್ ಒಲೆ. ಒಂದರಲ್ಲಿ ಕಾಫಿ, ಇನ್ನೊಂದು ತಣ್ಣಗೆ ಕೂತಿರಲಿ. ತವರಿನಿಂದ ನೇರ ಅತ್ತೆಮನೆಗೆ ಬಂದವಳು ಅವಳು. ತಾನೇ ಬೀಗ ತೆಗೆದು ಖಾಲಿ ಮನೆಯೊಳಗೆ ಕಾಲಿಟ್ಟ ನೆನಪೇ ಇಲ್ಲ. ಇದನ್ನು ಕ್ಯಾಲ್ಕುಲೇಟರಿನಲ್ಲಿ ಎಲ್ಲಿ ಒತ್ತುವುದು?

ಹಿಂದಿನಿಂದ ಇಣುಕಿದ ಮಗಳು ಹರ್ಷಿಣಿ ಕೂಗಿದಳು: “ಅಜ್ಜೀ, ಅಮ್ಮಾವುಕ್ಕು ತನಿ ವೀಡು ವೇಣುಮಾಮ್!” ಚೆನ್ನೈಯಲ್ಲೇ ಓದಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವುದೇ ಅಭ್ಯಾಸ. ಬ್ರಹ್ಮಾವರದಿಂದ ಬಂದಿದ್ದ ಅಜ್ಜಿಗೆ ತಮಿಳು ಬಾರದೆಂದು ನೆನಪಾಗಿ ಅರ್ಧ ತಿದ್ದಿಕೊಂಡಳು: “ತನಿ ಮನೆ ಬೇಕಂತೆ ಅಜ್ಜಿ.”

ಸದಾನಂದನ ಮುಖ ಇಳಿಯಿತು. ತಮಿಳಿನಲ್ಲಿ ತನಿ ಎಂದರೆ ‘ಬೇರೆ’, ‘ಪ್ರತ್ಯೇಕ’. ಬೇರೆ ಮನೆ ಮಾಡುವುದೆಂದರೆ ಅವನ ಊರಿನಲ್ಲಿ ಪಾಲು, ಪಂಚಾಯಿತಿಕೆ, ಮುನಿಸು.

“ಎಂತ ಜಲಜಾ, ಈ ವಯಸ್ಸಲ್ಲಿ ಬೇರೆ ಮನೆಯಾ? ಊರವರು ಎಂತ ಹೇಳಿಯಾರು?”

ಅಲಸಂಡೆ ಹೆಚ್ಚುತ್ತಿದ್ದ ಅತ್ತೆ ಮಾತ್ರ ತಮ್ಮ ಕನ್ನಡದಲ್ಲೇ ತಡಕಾಡುತ್ತಿದ್ದರು. “ತನಿ ಹಣ್ಣು ಕೇಳಿದ್ದೇನೆ. ನಾಗನಿಗೆ ಹಾಲಿನ ತನಿ ಎರೆಯುವುದು ಗೊತ್ತುಂಟು. ಇದೆಂತದ್ದು ತನಿ ಮನೆ? ಮನೆ ಸಹ ಹಣ್ಣಾಗ್ತದಾ ಮಾರಾಯ್ತಿ?”

ಜಲಜಾಕ್ಷಿಗೆ ನಗು ತಡೆಯಲಾಗಲಿಲ್ಲ. “ಹೂಂ ಅತ್ತೆ. ಹಣ್ಣಾಗ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತು ನೋಡಿ,” ಎಂದು ಚಿತ್ರ ತೋರಿಸಿದಳು.

ಅತ್ತೆ ಮೊಬೈಲನ್ನು ದೂರ ಹಿಡಿದು ನೋಡಿದರು. “ಒಂದೇ ಕೋಣೆ. ಗುಡಿಸ್ಲಿಕ್ಕೆ ಸುಲಭ. ಕೀ ಯಾರ ಹತ್ರ ಇರ್ತದೆ?”

“ನನ್ನ ಹತ್ರ.”

“ನಿನ್ನೊಬ್ಬಳ ಹತ್ರವೇ?”

“ಹೌದತ್ತೆ.”

ಮೊಬೈಲನ್ನು ಹಿಂದಿರುಗಿಸಲು ಅವರು ತುಸು ತಡಮಾಡಿದರು. ಆಮೇಲೆ ಮಗನ ಕಡೆ ತಿರುಗಿದರು. “ಸದಾ, ಹಣ್ಣಾದದ್ದನ್ನು ಕೊಂಬೆಗೆ ಕಟ್ಟಿ ಇಡ್ಲಿಕ್ಕೆ ಆಗುದಿಲ್ಲ. ಅಡ್ವಾನ್ಸು ಕಳ್ಸು.”

ಸದಾನಂದ ಕ್ಯಾಲ್ಕುಲೇಟರ್ ಮುಚ್ಚಿದ. “ಆಯ್ತು ಮಾರಾಯ್ತಿ. ನೀನು ಬರುದು ಬೇಡ, ತಿಂಗಳಿಗೊಮ್ಮೆ ನಾನೇ ಬರ್ತೇನೆ. ಆದ್ರೆ ಆ ಒಂದು ಕೋಣೆಯಲ್ಲಿ ನಾನು ಉಳಿಯುದೆಲ್ಲಿ?”

“ಶಿವರಾಮು ಭಾವನ ಮನೆ ಉಂಟಲ್ಲ,” ಎಂದಳು ಜಲಜಾಕ್ಷಿ. “ಖರ್ಚೇ ಇಲ್ಲ.”