ಹಾಯಿದೋಣಿಯ ಅಡುಗೆಯವಳು

"ಗ್ಯಾಸ್ ತುಂಬಿಸ್ಕೊಂಡು ಬರ್ತೀನಿ, ಅಷ್ಟರಲ್ಲಿ ಕಾಫಿಗೆ ನೀರಿಟ್ಟಿರು" ಎಂದು ನನ್ನ ಗಂಡ ಸೋಮವಾರ ಬೆಳಿಗ್ಗೆ ಖಾಲಿ ಸಿಲಿಂಡರನ್ನು ಪುಟ್ಟ ದೋಣಿಗೆ ಇಳಿಸಿಕೊಂಡ. "ಗ್ಯಾಸೇ ಇಲ್ದೆ ನೀರನ್ನ ನಿನ್ನ ತಲೆ ಮೇಲೆ ಇಡ್ಲಾ?" ಎಂದೆ. ನಗುತ್ತಾ ಹುಟ್ಟು ಹಾಕಿಕೊಂಡು ದಡದ ಕಡೆ ಹೋದ. ಗ್ಯಾಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದನಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಸುದ್ದಿ ತಂದವನು ಪಕ್ಕದ ದೋಣಿಯ ಗಡ್ಡಪ್ಪ. ಅವನ ಗಡ್ಡ ನೋಡಿ ನಾವೇ ಇಟ್ಟ ಹೆಸರು ಅದು. ಅವನ ದೋಣಿಯೊಳಗೆ ತುಂಬಿದ ಸಿಲಿಂಡರೂ ಇತ್ತು. ಅಂಗಡಿಯವನು ಪಾಪ, ತುಂಬಿಸಿಯೇ ಕೊಟ್ಟಿದ್ದ.

ಹಿರಿಯರ ಮುಂದೆ ನಾನು ಗಂಡನನ್ನು 'ಅವರು, ಇವರು' ಎನ್ನುತ್ತಿದ್ದವಳೇ. ನೀರಿಗಿಳಿದ ಮೇಲೆ ಅದೆಲ್ಲ ಬಿಟ್ಟುಹೋಯಿತು. ಇಬ್ಬರು ಒಟ್ಟಿಗೆ ಮಗ್ಗುಲು ಬದಲಿಸಲಾಗದಷ್ಟು ಕಿರಿದಾದ ಮಂಚ, ಎರಡು ಒಲೆಯ ಸ್ಟೌ, ಬಗ್ಗಿಯೇ ಓಡಾಡಬೇಕಾದ ಸೂರು. ಇಂಥ ಜಾಗದಲ್ಲಿ ಯಾರಿಗೆ ಯಾರು ಬಹುವಚನ ಹಚ್ಚುತ್ತಾರೆ? ಅವನು ಹಡಗು ರಿಪೇರಿಯ ವರ್ಕ್‌ಶಾಪಿನಲ್ಲಿ ದುಡಿದು ಸಾಕಾಗಿ, ಹಳೆಯ ಹಾಯಿದೋಣಿಯೊಂದನ್ನು ತಾನೇ ಸರಿಮಾಡಿ ನನ್ನನ್ನು ಹತ್ತಿಸಿಕೊಂಡು ಹೊರಟವನು. ಮಕ್ಕಳಿರಲಿಲ್ಲ, ತಡೆಯುವವರೂ ಇರಲಿಲ್ಲ. ಊರಿನವರೆಲ್ಲ ನಾವು ಕಾಲು ಚಾಚಿ ಸೂರ್ಯ ಮುಳುಗುವುದನ್ನು ನೋಡುತ್ತಾ ಕೂತಿರುತ್ತೇವೆ ಅಂದುಕೊಂಡಿದ್ದರು. ಸೂರ್ಯನೂ ಇಲ್ಲ, ಮಣ್ಣೂ ಇಲ್ಲ. ಪರದೇಶದ ದೋಣಿ ಸಂಸಾರವೆಂದರೆ ಕುಡಿಯುವ ನೀರು ಹೊರುವುದು, ಬಟ್ಟೆ ಒಗೆಯಲು ನಲ್ಲಿ ಹುಡುಕುವುದು, ಸಿಮ್ ಕಾರ್ಡಿಗೆ ಅಲೆಯುವುದು, ಮತ್ತೆ ಕಚೇರಿಯಿಂದ ಕಚೇರಿಗೆ ಕಾಗದ ಹಿಡಿದು ಓಡುವುದು. ಕಾಗದ ಒದ್ದೆಯಾಗದಿರಲೆಂದು ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ. ನಾವು ಒದ್ದೆಯಾದರೆ ಕೇಳುವವರಿಲ್ಲ.

ಆ ಚೀಲ ಹಿಡಿದುಕೊಂಡೇ ಆಸ್ಪತ್ರೆಗೆ ಹೋದೆ. ಶವಾಗಾರದವರು ಅವನ ಮುಖ ತೋರಿಸಿದರು, ಗಾಜಿನ ಆಚೆಯಿಂದ. "ನನ್ನ ಗಂಡ" ಎಂದೆ. ಬಂದರಿನ ಕಚೇರಿಯಿಂದ ಚೀಟಿ ತಂದರೆ ಕೊಡುತ್ತೇವೆ ಎಂದರು. ಪರದೇಶದ ದೋಣಿಯವರು ಸತ್ತರೆ ಅವರ ಕಾಗದ ನೋಡುವುದು ಬಂದರಿನ ಕಚೇರಿಯಂತೆ. ಸರಿ, ಅಲ್ಲಿಗೆ ಓಡಿದೆ. ಮೂರನೇ ಕಿಟಕಿಯಲ್ಲಿ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು.

"ಇವ್ರು ನಿಮಗೇನಾಗ್ಬೇಕು?"

"ಗಂಡ."

ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಇಲ್ಲಿ ನೀವು ದೋಣಿ ಸಿಬ್ಬಂದಿ, ಅಡುಗೆಯವ್ರು ಅಂತಿದೆಯಲ್ಲಮ್ಮ?"

ಪರದೆಯ ಮೇಲೆ ನನ್ನ ಹೆಸರಿನ ಮುಂದೆ ಹಾಗೆಯೇ ಇತ್ತು.

ಅದನ್ನು ಹೇಳಿಬಿಡುತ್ತೇನೆ. ಯಾವ ಬಂದರಿಗೆ ಹೋದರೂ ದೋಣಿಯಲ್ಲಿ ಯಾರ್‍ಯಾರಿದ್ದಾರೆ ಎಂದು ಬರೆದುಕೊಡಬೇಕು. ನಾವು ಮೊದಲು ಮುಟ್ಟಿದ ಬಂದರಿನ ಗುಮಾಸ್ತ, "ಹೆಂಡ್ತಿ ಅಂತ ಬರೆದ್ರೆ ಗುಡ್ಡದ ಮೇಲಿನ ಆಫೀಸಿಗೆ ಹೋಗಿ ಮದುವೆ ಸರ್ಟಿಫಿಕೇಟ್ ತೋರಿಸ್ಬೇಕು. ಸಿಬ್ಬಂದಿ ಅಂತ ಬರೆದ್ರೆ ಇಲ್ಲೇ ಒಂದು ಮೊಹರು, ಮುಗೀತು" ಎಂದಿದ್ದ. ನಮ್ಮ ಮದುವೆ ಮನೆ ಮುಂದಿನ ಚಪ್ಪರದಲ್ಲಿ ಆದದ್ದು. ನೋಂದಣಿ ಗೀಂದಣಿ ಯಾರು ಮಾಡಿಸಿದ್ದರು? ಪಾಸ್‌ಪೋರ್ಟಿನಲ್ಲೂ ನನ್ನ ಹೆಸರಿನ ಮುಂದೆ ಅಪ್ಪನ ಹೆಸರೇ ಇತ್ತು. ಅವತ್ತು ಅಲೆಯ ಹೊಡೆತ ತಿಂದು ತಿಂದು ಇಬ್ಬರಿಗೂ ನಿಲ್ಲಲು ತ್ರಾಣವಿರಲಿಲ್ಲ. ನನ್ನ ಗಂಡ ಹಿಂದೆ ಮುಂದೆ ನೋಡದೆ ತಾನು ಕ್ಯಾಪ್ಟನ್, ನಾನು ಅಡುಗೆ ಎಂದು ಬರೆದ.

"ನಾನ್ಯಾಕೆ ಅಡುಗೆಯವಳು? ಹಾಯಿ ಏರಿಸೋದು ನಾನು, ಲಂಗರು ಬಿಡೋದು ನಾನು. ನೀನು ಕೂತು ಚುಕ್ಕಾಣಿ ಹಿಡಿಯೋನು" ಎಂದು ದಾರಿಯುದ್ದಕ್ಕೂ ಬೈದಿದ್ದೆ.

"ಸಂಬಳ ಜಾಸ್ತಿ ಮಾಡೋಣ ಬಿಡು" ಎಂದಿದ್ದ.

ಒಂದು ಬಂದರಿನವರು ಹಿಂದಿನ ಬಂದರಿನ ಕಾಗದ ನೋಡಿಯೇ ಒಳಗೆ ಬಿಡುವುದು. ಹಾಗಾಗಿ ಒಂದು ಕಡೆ ಅಡುಗೆಯವಳಾದವಳು ಎಲ್ಲ ಕಡೆಯೂ ಅಡುಗೆಯವಳೇ ಆದೆ. ಆಮೇಲೆ ಅದು ನಮಗೆ ತಮಾಷೆಯೂ ಆಯಿತು. ಸಾರಿಗೆ ಉಪ್ಪು ಹೆಚ್ಚಾದರೆ ಕೆಲಸದಿಂದ ತೆಗೆಯುತ್ತೇನೆ ಎನ್ನುತ್ತಿದ್ದ, ಮುಂದಿನ ಬಂದರಿನಲ್ಲಿ ಇಳಿದುಹೋಗುತ್ತೇನೆ ಎನ್ನುತ್ತಿದ್ದೆ. ಇಳಿದುಹೋದವನು ಅವನು.

ಕಿಟಕಿಯ ಹೆಂಗಸಿಗೆ, "ಅದು ಸುಮ್ನೆ ಬರೆಸಿದ್ದು" ಎಂದೆ.

"ಸುಮ್ನೆ ಬರೆಸಿದ್ದಕ್ಕೆ ಇಷ್ಟೊಂದು ಬಂದರಿನ ಮೊಹರು ಬಿದ್ದಿದೆ. ನಾನು ಯಾವುದನ್ನ ನಂಬ್ಲಿ?"

ಮೊಬೈಲಿನಲ್ಲಿ ಮದುವೆಯ ಫೋಟೋ ತೋರಿಸಿದೆ. ಕಳೆದ ವಾರ ಹಾಯಿ ಹೊಲಿಯುತ್ತಾ ಇಬ್ಬರೂ ಕಿತ್ತಾಡುತ್ತಿದ್ದಾಗ ಗಡ್ಡಪ್ಪ ತೆಗೆದದ್ದನ್ನೂ ತೋರಿಸಿದೆ. ಅವಳು ಕನ್ನಡಕ ಮೇಲೆ ಮಾಡಿ ನಿಧಾನವಾಗಿ ನೋಡಿದಳು. "ಚೆನ್ನಾಗಿದ್ದೀರಿ ಇಬ್ರೂ. ಆದ್ರೆ ಫೋಟೋ ಮೇಲೆ ಮೊಹರು ಹಾಕಕ್ಕಾಗಲ್ಲಮ್ಮ. ನಿಮ್ಮ ದೇಶದ ಕಚೇರಿಯಿಂದ ಮದುವೆ ಕಾಗದ ತರ್ಸಿ." ಶುಕ್ರವಾರ ಸಂಜೆಯೊಳಗೆ ಯಾರೂ ಪಡೆದುಕೊಳ್ಳದಿದ್ದರೆ ವಾರಸುದಾರರಿಲ್ಲದ ಹೆಣವೆಂದು ನಗರಸಭೆಯವರೇ ಒಯ್ದು ಹೂಳುತ್ತಾರೆ, ಶವಾಗಾರದಲ್ಲಿ ಜಾಗವಿಲ್ಲ ಎಂದೂ ಹೇಳಿದಳು. ಎಲ್ಲಿ ಹೂಳುತ್ತಾರೆ ಎಂದು ಕೇಳಿದೆ. ಅದನ್ನು ಬರೆದಿಡುವ ಪದ್ಧತಿ ಇಲ್ಲವಂತೆ.

ನನ್ನ ಗಂಡನಿಗೆ ಮಣ್ಣಿನಡಿ ಮಲಗುವುದೆಂದರೆ ಆಗದು. ಬಾಗಿಲು ಹಾಕಿದ ಕೋಣೆಯಲ್ಲೇ ಉಸಿರು ಕಟ್ಟುತ್ತದೆ ಎಂದು ಕಿಟಕಿ ತೆಗೆದು ಮಲಗುವ ಮನುಷ್ಯ. ಸುಟ್ಟು ಬೂದಿಯನ್ನು ನೀರಿಗೆ ಬಿಡು ಎಂದು ಎಷ್ಟೋ ಸಲ ಹೇಳಿದ್ದ. ನಾನು "ಅಪಶಕುನ ನುಡೀಬೇಡ" ಎಂದು ಗದರಿಸಿದ್ದೆ. ನನಗೀಗ ಬೇಕಾದದ್ದು ಅದೊಂದೇ. ಅವನನ್ನು ಗುರುತು ಪರಿಚಯವಿಲ್ಲದ ಗುಂಡಿಗೆ ಹಾಕಿಸಬಾರದು.

ಮಂಗಳವಾರವಿಡೀ ನಮ್ಮ ದೇಶದ ರಾಯಭಾರ ಕಚೇರಿಗೆ ಫೋನು. ಒಬ್ಬ ಇನ್ನೊಬ್ಬನಿಗೆ ಕೊಡುವನು, ಇನ್ನೊಬ್ಬ ಊಟಕ್ಕೆ ಹೋಗಿರುವನು. ಕೊನೆಗೆ ಸಿಕ್ಕವನು, ನೋಂದಣಿಯಾಗದ ಮದುವೆಗೆ ನಾವೇನೂ ಬರೆದುಕೊಡುವ ಹಾಗಿಲ್ಲ ಎಂದ. ಊರಿನಲ್ಲಿರುವ ಮೈದುನನಿಗೆ ಹೇಳಿದೆ. ಅವನು ಪಾಪ ಬುಧವಾರ ಬೆಳಿಗ್ಗೆಯೇ ನೋಂದಣಿ ಕಚೇರಿಯ ಬಾಗಿಲಲ್ಲಿ ನಿಂತು ಅಲ್ಲಿಂದಲೇ ಫೋನು ಮಾಡಿದ.

"ಅತ್ತಿಗೆ, ಈಗ್ಲೂ ನೋಂದಣಿ ಮಾಡ್ಸಬಹುದಂತೆ. ಆದ್ರೆ ಗಂಡ ಹೆಂಡ್ತಿ ಇಬ್ರೂ ಬಂದು ಸಹಿ ಹಾಕ್ಬೇಕಂತೆ."

"ಅವನು ಬರಲ್ಲಪ್ಪ" ಎಂದೆ.

ಮೈದುನ ಆ ಕಡೆ ಗಳಗಳನೆ ಅತ್ತುಬಿಟ್ಟ. ಗಂಡಸು ಹಾಗೆ ಅಳುವುದನ್ನು ನಾನು ಕೇಳಿರಲಿಲ್ಲ. ತಾನೇ ಹೊರಟು ಬರುತ್ತೇನೆ ಎಂದ. ವೀಸಾ ಸಿಗಲು ತಿಂಗಳು ಬೇಕು ಎಂದು ನಾನೇ ಸಮಾಧಾನ ಹೇಳಬೇಕಾಯಿತು.

ಆವತ್ತು ದೋಣಿಗೆ ವಾಪಸು ಬಂದು ಸತ್ತವನನ್ನು ಬಾಯಿಗೆ ಬಂದ ಹಾಗೆ ಬೈದೆ. ಗುಡ್ಡ ಹತ್ತಲು ನಿನಗೇನು ಧಾಡಿಯಾಗಿತ್ತು, ಒಂದು ದಿನ ಅಲೆದಿದ್ದರೆ ಕಾಲು ಸವೆಯುತ್ತಿತ್ತಾ ಎಂದು ಕೂಗಾಡಿದೆ. ಬೈದು ಮುಗಿದ ಮೇಲೆ ಎದುರು ಉತ್ತರ ಬರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಬೈಗುಳಕ್ಕೆ ಅವನು ಉತ್ತರ ಕೊಡದೆ ಬಿಟ್ಟದ್ದೇ ಇಲ್ಲ. ಅವನ ಶರ್ಟು ಹಗ್ಗದ ಮೇಲೆ ಒಣಗುತ್ತಿತ್ತು. ಅದನ್ನು ಎಳೆದುಕೊಂಡು ಮುಖಕ್ಕೊತ್ತಿ ಅತ್ತೆ. ಸೋಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ಒಗೆದವಳು ನಾನೇ, ಯಾಕಾದರೂ ಒಗೆದೆನೋ.

ಗುರುವಾರ ಮತ್ತೆ ಮೂರನೇ ಕಿಟಕಿ. ನನ್ನನ್ನು ಕಂಡೊಡನೆ ಆ ಹೆಂಗಸು ಒಳಗೆ ಕರೆದು ಕುರ್ಚಿ ಹಾಕಿದಳು. ನೀರು ಕೊಟ್ಟಳು.

"ಒಂದು ದಾರಿ ಇದೆ. ನಿಮಗೆ ಬೇಜಾರಾಗುತ್ತೆ" ಎಂದಳು. "ಕ್ಯಾಪ್ಟನ್ ತೀರಿಕೊಂಡು, ಅವ್ರಿಗೆ ಹೆಂಡ್ತಿ ಮಕ್ಳು ಇಲ್ದೆ ಇದ್ರೆ, ಸಿಬ್ಬಂದಿಯೋರು ದೇಹ ತಗೊಂಡು ಸಂಸ್ಕಾರ ಮಾಡಬಹುದು. ನೀವು ಸಿಬ್ಬಂದಿ ಅನ್ನೋದಕ್ಕೆ ಕಾಗದ ಗಟ್ಟಿಯಾಗಿದೆ. ಇವತ್ತೇ ಮಾಡಿಕೊಡ್ತೀನಿ."

"ಅಂದ್ರೆ ನಾನು ಏನು ಬರೆದುಕೊಡ್ಬೇಕು?"

"ಇವ್ರಿಗೆ ಹೆಂಡ್ತಿ ಇಲ್ಲ ಅಂತ."

ನೀರಿನ ಲೋಟವನ್ನು ಮೇಜಿನ ಮೇಲಿಟ್ಟೆ. ಅವಳು ಕಣ್ಣು ತಪ್ಪಿಸಿದಳು. "ಇನ್ನೊಂದು ಮಾತು. ಸಹಿ ಹಾಕಿದ ಮೇಲೆ ಎಲ್ಲೂ ಹೆಂಡ್ತಿ ಅಂತ ಬಾಯಿ ಬಿಡ್ಬೇಡಿ. ಯಾರಾದ್ರೂ ಕೇಳಿಸ್ಕೊಂಡು ತಕರಾರು ಎತ್ತಿದ್ರೆ ದೇಹ ವಾಪಸ್ ಬರುತ್ತೆ. ಆಮೇಲೆ ನಗರಸಭೆಯೋರನ್ನ ನಾನು ತಡೆಯಕ್ಕಾಗಲ್ಲ."

ಸಾಮಾನ್ಯವಾಗಿ ನಾನು ಜಗಳಕ್ಕೆ ಹಿಂದೆ ಬೀಳುವವಳಲ್ಲ. ಮೀನಿನ ಮಾರುಕಟ್ಟೆಯಲ್ಲಿ, ನೀರಿನ ನಲ್ಲಿಯ ಹತ್ತಿರ, ಎಲ್ಲಿ ಬೇಕಾದರೂ ಸೊಂಟ ಕಟ್ಟಿ ನಿಂತವಳು. ಅವತ್ತು ಜಗಳವಾಡಲು ಎದುರಿಗೆ ಕೆಟ್ಟವರೇ ಇರಲಿಲ್ಲ. ಆ ಹೆಂಗಸು ತನ್ನ ಕೈಲಾದದ್ದನ್ನೇ ಮಾಡುತ್ತಿದ್ದಳು. ನಿಯಮದ ಪ್ರಕಾರ ಅವಳು ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕಿತ್ತು, ನಾನು ಹೌದೆನ್ನಬೇಕಿತ್ತು. ಮೃತರಿಗೆ ಹೆಂಡತಿ ಇರಲಿಲ್ಲ. ಹೌದು. ಮಕ್ಕಳಿರಲಿಲ್ಲ. ಹೌದು. ತಾವು ಮೃತರ ಬಳಿ ಅಡುಗೆ ಕೆಲಸಕ್ಕಿದ್ದಿರಿ. ಹೌದು. ಮೂರಕ್ಕೂ ಒಂದೇ ದನಿಯಲ್ಲಿ ಹೌದೆಂದೆ. ಸಹಿ ಮಾಡುವಾಗ ಅವಳು ಕಾಗದವನ್ನು ಒತ್ತಿ ಹಿಡಿದುಕೊಂಡಳು.

ಶುಕ್ರವಾರ ಮಧ್ಯಾಹ್ನ ಊರಾಚೆಯ ವಿದ್ಯುತ್ ಚಿತಾಗಾರಕ್ಕೆ ಅವನನ್ನು ತಂದರು. ಗಡ್ಡಪ್ಪ ನನ್ನ ಜೊತೆ ಬಂದಿದ್ದ. ನಾನು ಗಂಡನ ಒಗೆದ ಶರ್ಟನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ, ತೊಡಿಸಬಹುದೇನೋ ಎಂದು. ಸಾಲಾಗಿ ಬೆಂಚುಗಳಿದ್ದ ಹಜಾರ, ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಅದಕ್ಕೆ ಪರದೆ. ನಮಗಿಂತ ಮುಂಚೆ ಬಂದ ಮನೆಯವರು ಆ ಕೋಣೆಯೊಳಗೆ ಹೋಗಿ ಪರದೆ ಎಳೆದುಕೊಂಡರು. ಒಳಗಿನಿಂದ ಅವರ ಅಳು, ಮಾತು ಕೇಳುತ್ತಿತ್ತು. ಯಾರೋ ಹೆಸರು ಹಿಡಿದು ಕರೆಯುತ್ತಿದ್ದರು. ಹೊರಗೆ ಬಂದಾಗ ಅವರ ಮುಖದಲ್ಲಿ ಏನೋ ಇಳಿದುಹೋದ ಹಾಗಿತ್ತು. ನನ್ನ ಸರದಿಗೆ ಕಾದೆ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಬುಧವಾರ ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಮೊದಲು ಹೇಳಬೇಕೆಂದುಕೊಂಡಿದ್ದೆ.

ಅಲ್ಲಿಯ ಕೆಲಸಗಾರ ಗಾಡಿ ತಳ್ಳಿಕೊಂಡು ಬಂದ. ಮೇಲೆ ಬಿಳಿ ಬಟ್ಟೆ. ಕಾಗದ ನೋಡಿ, ಗಾಡಿಯನ್ನು ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ.

"ಮನೆಯೋರು ಒಳಗೆ ಕೂತು ಕಡೇ ಸಲ ಮಾತಾಡ್ಬಹುದು, ಮುಟ್ಟಬಹುದು. ಮನೆಯೋರಿಗೆ ಮಾತ್ರ. ಕಾಗದದಲ್ಲಿ ಮನೆಯೋರ ಹೆಸ್ರು ಯಾವ್ದೂ ಇಲ್ವಲ್ಲ. ಬಂದಿದ್ದಾರಾ ಯಾರಾದ್ರೂ?"

ಗಡ್ಡಪ್ಪ ನನ್ನ ಮುಖ ನೋಡಿದ. ಅವನ ತುಟಿ ಅಲುಗಿತು. ನಾನು ಅವನ ತೋಳು ಹಿಡಿದು ಸುಮ್ಮನಿರಿಸಿದೆ. ಬಿಳಿ ಬಟ್ಟೆಯ ಕೆಳಗೆ ನನ್ನ ಗಂಡನ ಕೈಬೆರಳು ಎಲ್ಲಿರಬಹುದು ಎಂದು ನನಗೆ ಗೊತ್ತಾಗುತ್ತಿತ್ತು, ಒಂದು ಹೆಜ್ಜೆ ಮುಂದಿಟ್ಟರೆ ಸಿಗುತ್ತಿತ್ತು.

"ಯಾರೂ ಇಲ್ಲ" ಎಂದೆ.

"ಹಾಗಾದ್ರೆ ನೇರ ಒಳಗೆ ತಗೊಂಡು ಹೋಗ್ತೀನಿ" ಎಂದು ಅವನು ಗಾಡಿಯನ್ನು ತಿರುಗಿಸಿಕೊಂಡ. ನಾನು ದಾರಿ ಬಿಟ್ಟು ಗೋಡೆಯ ಪಕ್ಕಕ್ಕೆ ಸರಿದು ನಿಂತೆ.